ಕಾರ್ತಿಕದ ಹಳ್ಳದಲ್ಲಿ ವೈಶಾಖದ ನೀರು ಹುಡುಕುತ್ತ: ಸಿದ್ದಾಪುರ ಸೀಮೆಯಲ್ಲಿ ನಾಲ್ಕು ದಿನ

ನವೆಂಬರ್ ಎರಡನೇ ವಾರ ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿ ಯಾವ ಹಳ್ಳಕ್ಕಿಳಿದರೂ ನೀರು ಜುಳುಜುಳು ಹರಿಯುತ್ತಲೇ ಇರುತ್ತದೆ. ವರ್ಷವಿಡೀ ಹರಿಯುವ ಹಳ್ಳಕ್ಕೂ ಜನವರಿಗೆ ಬತ್ತುವ ಹಳ್ಳಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಹಾಗಿದ್ದರೆ ಕಳೆದ ಏಪ್ರಿಲ್‌-ಮೇನಲ್ಲಿ ಯಾವುದು ಹರಿಯುತ್ತಿತ್ತು, ಯಾವುದು ಒಣಗಿತ್ತು ಎಂದು ಈಗ ತಿಳಿಯುವುದು ಹೇಗೆ? ಕಲ್ಲಿನಡಿ ಬದುಕುವ ಹುಳುಗಳನ್ನು ನೋಡಿ ತಿಳಿಯಬಹುದು. ಈ ನಾಲ್ಕು ದಿನದ ತಿರುಗಾಟ ಅದಕ್ಕಾಗಿಯೇ.

ಲೆಕ್ಕ ಸರಳ. ಇಲ್ಲಿ ಮಳೆ ಹಿಡಿಯುವುದು ಜೂನ್ ಮೊದಲರ್ಧದಲ್ಲಿ. ಬೇಸಿಗೆಯಲ್ಲಿ ಪೂರ್ತಿ ಒಣಗಿದ ಹಳ್ಳವಾದರೆ, ನವೆಂಬರ್ ಮಧ್ಯದಲ್ಲಿ ಅದರೊಳಗೆ ಬೆಳೆಯುತ್ತಿರುವ ಮರಿಹುಳುಗಳ ವಯಸ್ಸು ಹೆಚ್ಚೆಂದರೆ ಐದೂವರೆ ತಿಂಗಳು. ಅದಕ್ಕಿಂತ ಹಳೆಯ ಮರಿ ಸಿಕ್ಕಿತೆಂದರೆ ಬೇಸಿಗೆಯಲ್ಲೂ ಅಲ್ಲಿ ನೀರಿತ್ತು. ತೊಡಕೆಂದರೆ, ಹುಳುವಿನ ಮೈಮೇಲೆ ಹುಟ್ಟಿದ ದಿನ ಬರೆದಿರುವುದಿಲ್ಲ.

ಅಮೆರಿಕದ ವಾಯವ್ಯ ರಾಜ್ಯಗಳಾದ ಆರೆಗಾನ್, ವಾಷಿಂಗ್ಟನ್, ಇಡಾಹೊಗಳಲ್ಲಿ ಇದಕ್ಕೊಂದು ಸಿದ್ಧ ವಿಧಾನವಿದೆ, 2015ರಲ್ಲಿ ಬಂದದ್ದು. ನೀರಹುಳುಗಳಿವೆಯೇ, ಮೇಫ್ಲೈ ಎಂಬ ಕೀಟದ ಮರಿಗಳು ಕನಿಷ್ಠ 6 ಇವೆಯೇ, ನಿತ್ಯಹರಿವನ್ನು, ಅಂದರೆ ವರ್ಷವಿಡೀ ಹರಿಯುವುದನ್ನು, ತೋರಿಸುವ ಜೀವಿ ಕುಟುಂಬಗಳ ಪಟ್ಟಿಯಲ್ಲಿರುವುದು ಒಂದಾದರೂ ಇದೆಯೇ ಎಂದು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತ ಹೋಗುತ್ತದೆ. ಆ ಪಟ್ಟಿಯಲ್ಲಿ ಕಲ್ಲಿನಡಿ ಬೆಳೆಯುವ ಪರ್ಲಿಡೇ ಕುಟುಂಬದ ಸ್ಟೋನ್‌ಫ್ಲೈ, ಕಲ್ಲಿಗೆ ಬಿಲ್ಲೆಯಂತೆ ಅಂಟುವ ದುಂಬಿಮರಿ ವಾಟರ್ ಪೆನ್ನಿ, ಎಲ್ಮಿಡೇ ದುಂಬಿ, ಗಾಂಫಿಡೇ ಡ್ರ್ಯಾಗನ್‌ಫ್ಲೈ, ಬಲೆ ನೇಯುವ ಕ್ಯಾಡಿಸ್ ಹುಳು, ಸಿಹಿನೀರಿನ ಕಪ್ಪೆಚಿಪ್ಪು ಎಲ್ಲ ಇವೆ. ಇವುಗಳ ಹತ್ತಿರದ ಸಂಬಂಧಿಗಳು ನಮ್ಮ ಘಟ್ಟದಲ್ಲೂ ಇರುವುದರಿಂದ ಪಟ್ಟಿಯನ್ನು ಹಾಗೇ ತಂದು ಹಚ್ಚುವ ಆಸೆಯಾಗುತ್ತದೆ. ಹಚ್ಚಬಾರದು. ಅಲ್ಲಿಯ ತಣ್ಣೀರಿನಲ್ಲಿ ಪರ್ಲಿಡೇ ಮರಿ ದೊಡ್ಡದಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಇಲ್ಲಿಯ ಬೆಚ್ಚನೆಯ ನೀರಿನಲ್ಲಿ ಬೆಳವಣಿಗೆ ಬಹಳ ಬೇಗ. ಅಲ್ಲಿ ಸಾಕ್ಷಿಯಾಗುವ, ಬಲೆ ನೇಯುವ ಹೈಡ್ರೊಸೈಕಿಡೇ ಕ್ಯಾಡಿಸ್ ಇಲ್ಲಿ ಒಂದೇ ವರ್ಷದಲ್ಲಿ ಹಲವು ತಲೆಮಾರು ಮುಗಿಸಬಲ್ಲದು. ಆದ್ದರಿಂದ ಬರಿಯ ಹೆಸರು ನಂಬಿ ತೀರ್ಮಾನ ಬೇಡ. ಗಾತ್ರ, ಒಂದೇ ಬಗೆಯ ಹುಳುವಿನ ಬೇರೆಬೇರೆ ವಯಸ್ಸು, ಹಾರಿಬರಲಾರದ ಜೀವಿಗಳು, ಈ ಮೂರೂ ಒಂದೇ ಮಾತು ಹೇಳಬೇಕು.

ಮೊದಲ ದಿನ: ಕತ್ತಲೆಕಾನು

ಗೊತ್ತಿರುವ ಹಳ್ಳದಿಂದಲೇ ಶುರು ಮಾಡಬೇಕು. ಕಣ್ಣಿಗೆ ಅಭ್ಯಾಸವಾಗದೆ ಗೊತ್ತಿಲ್ಲದ ಹಳ್ಳಕ್ಕಿಳಿದರೆ ಏನು ಕಾಣುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ. ಜೋಗದ ಹತ್ತಿರದ ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವ ರಸ್ತೆಯ ಬದಿಗೆ ಕತ್ತಲೆಕಾನು. ರಾಮಪತ್ರೆ ಜಡ್ಡಿಗೆ, ಅಂದರೆ ರಾಮಪತ್ರೆ ಮರಗಳ ಜೌಗಿಗೆ, ಹೆಸರಾದ ಕಾಡು. ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೇ ಬಗ್ಗಿದ ಮಂಡಿಬೇರುಗಳ ನಡುವೆ ಬೇಸಿಗೆಯಲ್ಲೂ ನೀರು ಜಿನುಗುತ್ತಲೇ ಇರುತ್ತದೆ. ನೀರು ಬತ್ತಿದರೆ ಈ ಮರಗಳೂ ಉಳಿಯುವುದಿಲ್ಲ. 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಸೀಮೆ ಇದು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಹುಳುಗಳನ್ನು ನೋಡಿ, ಫೋಟೊ ತೆಗೆದು, ಎತ್ತಿದ ಜಾಗದಲ್ಲೇ ಬಿಡುವುದಷ್ಟೇ ಕೆಲಸ.

ಸಾಮಾನು ಹೆಚ್ಚಿಲ್ಲ. 30 ಸೆಂ.ಮೀ. ಅಗಲದ ಬಾಯಿ, ಅರ್ಧ ಮಿ.ಮೀ. ಕಣ್ಣಿನ ಕೈಬಲೆ. ಬಿಳಿ ಪ್ಲಾಸ್ಟಿಕ್ ಟ್ರೇ ಎರಡು. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, ಮೆತ್ತನೆಯ ಚಿಮುಟ, ಚಿತ್ರ ಬಿಡಿಸುವ ಸಣ್ಣ ಬ್ರಷ್, ಔಷಧಿ ಹಾಕುವ ಡ್ರಾಪರ್, ಮಿ.ಮೀ. ಗುರುತಿರುವ ಸ್ಟೀಲ್ ಸ್ಕೇಲು, ಥರ್ಮಾಮೀಟರು. ಉಂಬಳ ಹತ್ತದಿರಲೆಂದು ಕೈಗೆ ಹೊಗೆಸೊಪ್ಪಿನ ನೀರೋ ಸೊಳ್ಳೆ ಎಣ್ಣೆಯೋ ಹಚ್ಚಿಕೊಂಡು ಟ್ರೇಗೆ ಕೈ ಹಾಕಿದರೆ ಅದರೊಳಗಿನ ಹುಳುಗಳು ಸತ್ತೇ ಹೋಗುತ್ತವೆ. ಕಾಲಿಗೆ ಉಂಬಳದ ಕಾಲುಚೀಲ ಸಾಕು, ಕೈಗೆ ಏನೂ ಹಚ್ಚಬೇಡಿ.

ಜಡ್ಡಿಯೊಳಗೆ ಕಲ್ಲುಗಳಿಲ್ಲ, ಮರಳು ಮತ್ತು ಕೊಳೆತ ಎಲೆ ಮಾತ್ರ. ಬಲೆಯಿಂದ ಎಲೆರಾಶಿಯ ಅಡಿಯ ಎರಡು ಬೆರಳು ಮರಳನ್ನು ಗೋರಿ ಟ್ರೇಗೆ ಹಾಕಿ, ಒಂದು ಸೆಂ.ಮೀ. ನೀರು ಬಿಟ್ಟು, ಎರಡು ನಿಮಿಷ ಅಲುಗಾಡಿಸದೆ ಬಿಟ್ಟೆವು. ಮೊದಲು ಚಲಿಸುವುದು ಎಲೆಯ ತುಣುಕೊಂದು. ಅದು ಅನಿಸೊಸೆಂಟ್ರೊಪಸ್ ಕ್ಯಾಡಿಸ್, ಅಂಡಾಕಾರಕ್ಕೆ ಕತ್ತರಿಸಿದ ಎರಡು ಎಲೆತುಂಡುಗಳ ನಡುವೆ ಮೈ ಸೇರಿಸಿಕೊಂಡು ಓಡಾಡುತ್ತದೆ. ಆಮೇಲೆ ಮರಳು ಅಲ್ಲಲ್ಲಿ ಉಬ್ಬಿ, ಚಪ್ಪಟೆ ಗಾಂಫಿಡೇ ಮರಿ ಹೊರಗೆ ಬರುತ್ತದೆ. ಅದರ ಮೀಸೆಯಲ್ಲಿ ನಾಲ್ಕು ಗೆಣ್ಣು, ಮೂರನೆಯದು ಮಾತ್ರ ದಪ್ಪ. ಈ ಮೀಸೆ ಕಂಡರೆ ಬೇರೆ ಡ್ರ್ಯಾಗನ್‌ಫ್ಲೈ ಮರಿಯೊಡನೆ ಗೊಂದಲವೇ ಆಗುವುದಿಲ್ಲ.

ಹಳ್ಳ ಕೆಳಗಿಳಿದು ಬೆಣಚುಕಲ್ಲಿನ ಹಾಸಿಗೆ ಸೇರಿದ ಮೇಲೆ ನಿಜವಾದ ಪಾಠ. 30 ಮೀಟರ್ ಉದ್ದ ಅಳೆದುಕೊಂಡು, ನೀರು ಕಲ್ಲಿಗೆ ಬಡಿದು ನೊರೆಯಾಗುವ ಮೂರು ಜಾಗ ಆರಿಸಿದೆವು. ಬಲೆಯ ಬಾಯಿ ಹರಿವಿಗೆ ಎದುರಾಗಿ ನೆಲಕ್ಕೆ ಒತ್ತಿಟ್ಟು, ಅದರ ಮುಂದಿನ ಒಂದು ಅಡಿ ಚದರ ಜಾಗದ ಕಲ್ಲುಗಳನ್ನು ಒಂದೊಂದಾಗಿ ಬಲೆಯ ಬಾಯಲ್ಲೇ ಉಜ್ಜಿ ಪಕ್ಕಕ್ಕಿಡುವುದು. ಬಳಿಕ ಒಂದು ನಿಮಿಷ ನೆಲವನ್ನು ಕಾಲಿನಿಂದ ಕೆದಕುವುದು. ಒಂದೊಂದು ಜಾಗಕ್ಕೂ ಹುಡುಕಾಟ 15 ನಿಮಿಷ. ಕೆದಕುವ ಮೊದಲೇ ದೊಡ್ಡ ಕಲ್ಲುಗಳನ್ನು ಎತ್ತಿ ತಳ ನೋಡಬೇಕು, ಏಕೆಂದರೆ ಗಟ್ಟಿಯಾಗಿ ಅಂಟಿಕೊಳ್ಳುವ ಹುಳುಗಳು ಬಲೆಗೆ ಬರುವುದೇ ಇಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಬಲೆಯಷ್ಟನ್ನೇ ನೋಡಿ ವಾಟರ್ ಪೆನ್ನಿ ಇಲ್ಲ ಎಂದು ಬರೆದುಬಿಡುತ್ತಾರೆ.

ತಲೆಯಷ್ಟು ದೊಡ್ಡ ಕಲ್ಲೊಂದನ್ನು ತಿರುಗಿಸಿದಾಗ ಹಳದಿ-ಕಂದು ಹುಳುವೊಂದು ಅಡ್ಡಡ್ಡ ಓಡಿ ಇನ್ನೊಂದು ಬದಿಗೆ ಸರಿಯಿತು. ಬಾಲದೆಳೆ ಎರಡು. ಎರಡು ಬಾಲ ಕಂಡ ಕೂಡಲೇ ಸ್ಟೋನ್‌ಫ್ಲೈ ಎಂದುಕೊಳ್ಳಬಾರದು. ಎಪಿಯೊರಸ್ ಎಂಬ ಮೇಫ್ಲೈಗೂ ಎರಡೇ ಬಾಲ, ಅದೂ ಚಪ್ಪಟೆ, ಅದೂ ಅಡ್ಡ ಓಡುತ್ತದೆ. ಲೂಪ್ ಹಿಡಿದು ಎರಡು ಗುರುತು ನೋಡಬೇಕು. ಕಾಲಿನ ತುದಿಯಲ್ಲಿ ಉಗುರು ಒಂದಾದರೆ ಮೇಫ್ಲೈ, ಎರಡಾದರೆ ಸ್ಟೋನ್‌ಫ್ಲೈ. ಕಿವಿರು ಹೊಟ್ಟೆಯ ಎರಡೂ ಪಕ್ಕ ಎಲೆಯಂತೆ ಬಡಿಯುತ್ತಿದ್ದರೆ ಮೇಫ್ಲೈ. ಎದೆಯ ಅಡಿ, ಕಾಲಿನ ಬುಡದಲ್ಲಿ ಬಿಳಿ ನೂಲಿನ ಕುಚ್ಚಿನಂತಿದ್ದರೆ ಪರ್ಲಿಡೇ. ಇದಕ್ಕೆ ಕುಚ್ಚಿತ್ತು, ಉಗುರು ಎರಡಿತ್ತು. ಹಿಡಿದಿಟ್ಟಾಗ ಮೈ ಮೇಲೆ ಕೆಳಗೆ ಕುಲುಕಿತು, ನೀರು ಕಿವಿರಿಗೆ ತಾಗಲೆಂದು ಮಾಡುವ ಕಸರತ್ತು ಅದು. ನಿಂತ ನೀರಿನ ಟ್ರೇನಲ್ಲಿ ಹೆಚ್ಚು ಹೊತ್ತಿಟ್ಟರೆ ಉಸಿರು ಕಟ್ಟುತ್ತದೆ. ಅಳತೆ ಮತ್ತು ಫೋಟೊ ಎರಡು ನಿಮಿಷದಲ್ಲಿ ಮುಗಿಯಬೇಕು.

ಅಳತೆ ಹಿಡಿಯುವುದು ತಲೆಯಿಂದ ಹೊಟ್ಟೆಯ ತುದಿಯವರೆಗೆ, ಬಾಲ ಬಿಟ್ಟು. ಅದರ ಜೊತೆಗೆ ರೆಕ್ಕೆಯ ಮೊಗ್ಗಿನ ಬಣ್ಣವನ್ನೂ ಬರೆಯಬೇಕು. ಮೊಗ್ಗು ಕಪ್ಪಾಗಿದ್ದರೆ ಕೆಲವೇ ದಿನಗಳಲ್ಲಿ ಹಾರುವ ಹುಳು. ಒಂದೇ ಹಳ್ಳದಲ್ಲಿ ಕಪ್ಪು ಮೊಗ್ಗಿನ ದೊಡ್ಡದೂ, ಮೊಗ್ಗೇ ಮೂಡದ 4 ಮಿ.ಮೀ. ಮರಿಯೂ, ನಡುವಿನ ಗಾತ್ರದವೂ ಸಿಕ್ಕರೆ ಹಲವು ವಯಸ್ಸಿನವು ಒಟ್ಟಿಗಿವೆ ಎಂದಾಯಿತು. ಇಷ್ಟರಿಂದಲೇ ನಿತ್ಯಹರಿವು ಎನ್ನಲಾಗುವುದಿಲ್ಲ, ಏಕೆಂದರೆ ಇಲ್ಲಿ ಮೊಟ್ಟೆಗಳು ಒಂದೇ ಸಲ ಒಡೆಯಬೇಕೆಂದಿಲ್ಲ. ದೊಡ್ಡದರ ಗಾತ್ರವೂ ಸೇರಿದರೆ ಮಾತ್ರ ಸಾಕ್ಷಿ ಗಟ್ಟಿ. ಕತ್ತಲೆಕಾನಿನ ಅಳತೆಗಳೇ ಮುಂದಿನ ಮೂರು ದಿನಕ್ಕೆ ನಮ್ಮ ಮಾನದಂಡ.

ಎರಡನೇ ದಿನ: ಅಕೇಶಿಯಾ ಗುಡ್ಡದ ಹಳ್ಳ

ಸುತ್ತಲೂ ಅಕೇಶಿಯಾ ನೆಡುತೋಪು, ಮೇಲೆ ಬೋಳು ಮೇವಿನ ಗುಡ್ಡ. ಈ ಹಳ್ಳ ಸಂಕ್ರಾಂತಿಯ ಹೊತ್ತಿಗೆ ನಿಲ್ಲುತ್ತದೆ ಎಂಬುದು ಊರವರಿಗೆಲ್ಲ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಘಟ್ಟದ ಹೊಳೆಗಳ ಮೇಲೆ ವರ್ಷಗಟ್ಟಲೆ ಮಾಡಿದ ಕೆಲಸದಲ್ಲೂ ಇದೇ ಕಂಡಿದೆ. ಜಲಾನಯನದಲ್ಲಿ ಸಹಜ ಕಾಡು ದಟ್ಟವಾಗಿದ್ದರೆ ಹಳ್ಳ 12 ತಿಂಗಳೂ ಹರಿಯುತ್ತದೆ, ಬಯಲಾದಲ್ಲಿ ಮಳೆಗಾಲ ಕಳೆದ ಕೆಲವೇ ತಿಂಗಳಲ್ಲಿ ನಿಲ್ಲುತ್ತದೆ. ನಮಗೆ ಬೇಕಾದದ್ದು ಒಣಗುವ ಹಳ್ಳ ನವೆಂಬರ್‌ನಲ್ಲಿ ಹೇಗೆ ಕಾಣುತ್ತದೆ ಎಂಬ ಚಿತ್ರ.

ಹುಳುಗಳಿಗೆ ಬರವೇ ಇಲ್ಲ, ಹೊಸಬರು ಮೋಸ ಹೋಗುವುದು ಇಲ್ಲೇ. ಟ್ರೇ ತುಂಬ ಬೀಟಿಡೇ ಮೇಫ್ಲೈ ಮರಿಗಳು ಮೀನಿನಂತೆ ಚಿಮ್ಮುತ್ತವೆ. ಕಲ್ಲಿನ ನೆತ್ತಿಯಲ್ಲಿ ಬಾಟಲಿ ಆಕಾರದ ಸಿಮುಲಿಯಂ ನೊಣದ ಮರಿಗಳು ಗೊಂಚಲಾಗಿ ಅಂಟಿರುತ್ತವೆ. ಕೆಸರಲ್ಲಿ ಕೆಂಪು ಕೈರೊನೊಮಿಡ್ ಹುಳು. ಇವೆಲ್ಲ ವಾರಗಳಲ್ಲಿ ಬೆಳೆದು ಹಾರುವ ಜಾತಿ. ಮಳೆ ಬಂದ ಮೇಲೆ ಬೇರೆ ಕಡೆಯಿಂದ ಹಾರಿಬಂದ ತಾಯಿ ಮೊಟ್ಟೆಯಿಟ್ಟರೂ ನವೆಂಬರ್‌ಗೆ ಇಷ್ಟಾಗುತ್ತವೆ. ನೀರ ಮೇಲೆ ಜಾರಾಡುವ ಗೆರಿಡ್, ಡೈಟಿಸ್ಕಿಡೇ ದುಂಬಿಗಳು ಕೂಡ ಲೆಕ್ಕಕ್ಕಿಲ್ಲ. ಅವು ಹಾರುತ್ತವೆ, ನಿನ್ನೆ ರಾತ್ರಿಯೇ ಬಂದಿರಬಹುದು.

ಎರಡು ಜೀವಿಗಳ ಬಗ್ಗೆ ಎಚ್ಚರ ಬೇಕು. ಏಡಿ ಮೊದಲನೆಯದು. ದೊಡ್ಡ ಏಡಿ ಇದ್ದರೆ ವರ್ಷಪೂರ್ತಿ ನೀರಿದೆ ಎಂಬ ನಂಬಿಕೆ ಬಲವಾಗಿದೆ, ಆದರೆ ಅದು ದಂಡೆಯಲ್ಲಿ ಬಿಲ ತೋಡಿ ತೇವದಲ್ಲಿ ಬೇಸಿಗೆ ಕಳೆಯುತ್ತದೆ. ಎರಡನೆಯದು ಗದ್ದೆಗಳಲ್ಲಿ ಕಾಣುವ ದಪ್ಪ ಪೈಲಾ ಬಸವನಹುಳು. ಬಾಯಿಗೆ ಮುಚ್ಚಳ ಹಾಕಿಕೊಂಡು ಒಣ ಮಣ್ಣಿನೊಳಗೆ ತಿಂಗಳುಗಟ್ಟಲೆ ಬದುಕಬಲ್ಲದು. ಇದು ಬೇಸಿಗೆ ದಾಟುವುದರಲ್ಲಿ ನಿಪುಣ, ಹಾಗಾಗಿ ನಮಗೆ ಏನನ್ನೂ ಹೇಳುವುದಿಲ್ಲ.

ಹೈಡ್ರೊಸೈಕಿಡೇ ಕ್ಯಾಡಿಸ್ ಕೂಡ ಇಲ್ಲಿ ಸಿಕ್ಕಿತು. ಎದೆಯ ಮೂರೂ ಭಾಗದ ಮೇಲೆ ಗಟ್ಟಿ ಕವಚ, ಹೊಟ್ಟೆಯಡಿ ಕವಲೊಡೆದ ಕಿವಿರು, ಎರಡು ಕಲ್ಲಿನ ಸಂದಿಯಲ್ಲಿ ಹರಿವಿಗೆ ಎದುರಾಗಿ ನೇಯ್ದ ಬಲೆ. ಈ ಬಲೆ ಈಗ ಹರಿವಿದೆ ಎನ್ನುತ್ತದೆ, ಬೇಸಿಗೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಮೂರು ಜಾಗವನ್ನೂ ಪೂರ್ತಿ ಹುಡುಕಿದರೂ ಪರ್ಲಿಡೇ ಸಿಗಲಿಲ್ಲ, ವಾಟರ್ ಪೆನ್ನಿಯೂ ಇಲ್ಲ. ಜಾತಿ ಎಷ್ಟೇ ಇರಲಿ, ಹುಡುಕಬೇಕಾದದ್ದು ವಯಸ್ಸು.

ಮೂರನೇ ದಿನ: ಅಡಿಕೆ ತೋಟದ ಹಳ್ಳ

ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ, ನಡುವೆ ಹಳ್ಳ. ಇಲ್ಲಿಯ ಗುಟ್ಟನ್ನು ಬಿಡಿಸಲು ತೋಟದ ಮೇಲೊಂದು, ಕೆಳಗೊಂದು, ಎರಡು ಕಡೆ ನೋಡಬೇಕು.

ಕೆಳಗಿನ ಜಾಗದಲ್ಲಿ ಹೈಡ್ರೊಸೈಕಿಡೇ ಕ್ಯಾಡಿಸ್ ಮತ್ತು ಕೈರೊನೊಮಿಡ್ ಹೇರಳ. ಚಪ್ಪಟೆ ಮೈಯ ಹೆಪ್ಟಜೀನಿಡೇ ಮೇಫ್ಲೈ ಒಂದೂ ಇಲ್ಲ, ಬಸವನಹುಳುವೂ ಇಲ್ಲ. ಇಷ್ಟು ನೋಡಿ ಈ ಹಳ್ಳ ಬೇಸಿಗೆಯಲ್ಲಿ ಒಣಗಿತ್ತು ಎಂದರೆ ತಪ್ಪು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುತ್ತಾರೆ, 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ. ಗೊನೆಯಿಂದ ತೊಳೆದುಹೋದ ತಾಮ್ರವೂ, ಡ್ರಮ್ ತೊಳೆದ ನೀರೂ ಕೊನೆಗೆ ಸೇರುವುದು ಇದೇ ಹಳ್ಳಕ್ಕೆ. ತಾಮ್ರವನ್ನು ಬಸವನಹುಳುಗಳೂ ಹೆಪ್ಟಜೀನಿಡೇ ಮರಿಗಳೂ ತಡೆಯಲಾರವು, ಹೈಡ್ರೊಸೈಕಿಡೇ ಒಂದಿಷ್ಟು ತಡೆಯುತ್ತದೆ. ಹಾಗಾಗಿ ಯಾವ ಹುಳು ಉಳಿದಿದೆ ಎಂಬುದೇ ಕಾರಣದ ಕಡೆಗೆ ಕೈ ತೋರಿಸುತ್ತದೆ. ಒಣಗಿದ ಹಳ್ಳದಲ್ಲಿ ನಿಧಾನ ಬೆಳೆಯುವವು ಇರುವುದಿಲ್ಲ, ವಿಷ ಸೇರಿದ ಹಳ್ಳದಲ್ಲಿ ಸೂಕ್ಷ್ಮವಾದವು ಇರುವುದಿಲ್ಲ.

ತೋಟದ ಮೇಲಿನ ಜಾಗದಲ್ಲಿ ಚಿತ್ರವೇ ಬೇರೆ. ಕಲ್ಲಿನ ತಳದಲ್ಲಿ ತಾಮ್ರದ ಬಣ್ಣದ ಬಿಲ್ಲೆಗಳು, ಪುಟ್ಟ ಗುಂಡಿಯಷ್ಟು. ಹಳೆಯ ನಾಣ್ಯ ಅಂಟಿಸಿದಂತೆ ಕಾಣುವುದರಿಂದಲೇ ವಾಟರ್ ಪೆನ್ನಿ ಎಂಬ ಹೆಸರು. ಉಗುರಿನಿಂದ ಕಿತ್ತರೆ ಅಂಚು ಹರಿಯುತ್ತದೆ. ಬ್ರಷ್ ಒದ್ದೆ ಮಾಡಿ ಅಂಚಿನಡಿ ಮೆಲ್ಲಗೆ ನೂಕಿ, ಅದಾಗಿ ಸಡಿಲಗೊಳ್ಳುವವರೆಗೆ ಕಾಯಬೇಕು. ತಿರುಗಿಸಿ ನೋಡಿದರೆ ಬಿಲ್ಲೆಯಡಿ ಆರು ಕಾಲು, ಪುಟ್ಟ ತಲೆ, ನೂಲಿನಂತಹ ಕಿವಿರು. ಇದೇ ಆಕಾರದ ಸಣ್ಣ ಲಿಂಪೆಟ್ ಬಸವನಹುಳುವೂ ಕಲ್ಲಿಗೆ ಅಂಟಿರುತ್ತದೆ, ಅದರಡಿ ಕಾಲಿಲ್ಲ, ಮೆತ್ತನೆ ಮಾಂಸದ ಪಾದ. ಹಗಲು ಕಲ್ಲಿನಡಿ ಇದ್ದು ರಾತ್ರಿ ಮೇಲೆ ಬಂದು ಪಾಚಿ ಕೆರೆಯುವ ಹುಳು ವಾಟರ್ ಪೆನ್ನಿ, ಹಾಗಾಗಿ ಹಗಲಲ್ಲಿ ಕಲ್ಲಿನ ಮೇಲ್ಭಾಗ ಮಾತ್ರ ನೋಡಿದವರಿಗೆ ಸಿಗುವುದಿಲ್ಲ. ಪ್ರತಿ ಕಲ್ಲಿನಲ್ಲೂ ಚಿಕ್ಕದು, ದೊಡ್ಡದು ಬೇರೆಬೇರೆ ಎಣಿಸಿ ಬರೆದೆವು.

ಇದೇ ಜಾಗದ ಪಾಚಿಯಲ್ಲಿ ಎಲ್ಮಿಡೇ ದುಂಬಿ ಹುಡುಕಲು ತಾಳ್ಮೆ ಬೇಕು. ಎರಡು ಮೂರು ಮಿ.ಮೀ. ಕಪ್ಪು ಕಾಳು ಅಷ್ಟೇ. ಟ್ರೇನಲ್ಲಿ ಕಸವೆಲ್ಲ ತಂಗಿದ ಮೇಲೆ ಕಾಳೊಂದು ಉದ್ದ ಕಾಲು ಚಾಚಿ ನಿಧಾನಕ್ಕೆ ತೆವಳಿದರೆ ಅದೇ. ಈಜುವುದಿಲ್ಲ, ಉಸಿರಿಗೆ ಮೇಲೆ ಬರುವುದೂ ಇಲ್ಲ. ಮೈಗಂಟಿದ ತೆಳು ಗಾಳಿಪದರವೇ ಅದಕ್ಕೆ ಕಿವಿರು. ಆ ಪದರ ಕೆಲಸ ಮಾಡಲು ಆಮ್ಲಜನಕ ತುಂಬಿದ ನೀರು ಸದಾ ತಾಗುತ್ತಿರಬೇಕು. ಚುರುಕಾಗಿ ಈಜಿ ಮೇಲೆ ಬಂದರೆ ಅದು ಡೈಟಿಸ್ಕಿಡೇ, ಬಿಟ್ಟುಬಿಡಿ. ದೊಡ್ಡ ಎಲ್ಮಿಡೇ ದುಂಬಿ ಒಂದೆರಡು ಸಿಕ್ಕರೆ ಸಾಲದು, ಗೂಡಿನಿಂದ ಹೊರಬಂದ ಹೊಸದರಲ್ಲಿ ಅದು ಹಾರಬಲ್ಲದು. ಗಟ್ಟಿ ಮೈಯ, ಕಡ್ಡಿಯಂತಹ ಮರಿಗಳೂ ಹಲವು ಗಾತ್ರದಲ್ಲಿ ಜೊತೆಗಿದ್ದರೆ ಸಾಕ್ಷಿ.

ತೋಟದವರೊಬ್ಬರನ್ನು ಕೇಳಿದಾಗ, "ಅಬ್ಬಿ ನೀರಿನ ಪೈಪು ಯುಗಾದಿ ಆದಮೇಲೆ ಮೇಲಿನ ಗುಂಡಿಗೆ ಹಾಕ್ತೇವೆ, ಕೆಳಗೆ ಸಾಲೋದಿಲ್ಲ" ಎಂದರು. ವರ್ಷಪೂರ್ತಿ ಹರಿಯುತ್ತದೆಯೇ ಎಂದು ನೇರ ಕೇಳಿದರೆ ಹೌದು ಎಂದೇ ಉತ್ತರ ಬರುತ್ತದೆ, ಗುಂಡಿಯಲ್ಲಿ ನಿಂತ ನೀರೂ ಆ ಹೌದಿನಲ್ಲಿ ಸೇರಿರುತ್ತದೆ. ಪೈಪು ಯಾವಾಗ ಸರಿಸುತ್ತೀರಿ, ಕಟ್ಟ ಯಾವ ಹಬ್ಬದ ಹೊತ್ತಿಗೆ ಹಾಕುತ್ತೀರಿ ಎಂದು ಕೇಳಬೇಕು. ಮೇಲಿನ ಜಾಗದಲ್ಲಿ ಹರಿವು, ಕೆಳಗೆ ಏಪ್ರಿಲ್‌ನಿಂದ ಬರೀ ಗುಂಡಿ ನೀರು ಎಂದು ಅವರ ಮಾತಿನಿಂದ ಗೊತ್ತಾಯಿತು. ಅಂದರೆ ಕೆಳಗೆ ಕಾರಣ ಒಂದಲ್ಲ, ಎರಡು.

ನಾಲ್ಕನೇ ದಿನ: ಉಂಚಳ್ಳಿಯ ದಾರಿ

ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಯನ್ನು ಊರವರು ಕೆಪ್ಪ ಜೋಗ ಎನ್ನುತ್ತಾರೆ. ನೋಡಬೇಕಿದ್ದದ್ದು ಹೆಗ್ಗರಣೆ ಕಡೆಯಿಂದ ಅದಕ್ಕೆ ಹೋಗುವ ದಾರಿಗೆ ಅಡ್ಡ ಬರುವ, ನಮಗೆ ಏನೂ ಗೊತ್ತಿಲ್ಲದ ಹಳ್ಳವೊಂದನ್ನು.

ಮೊದಲು ಹುಡುಕಿದ್ದು ಸಂಗಮಗಳನ್ನು. ನೀರಹುಳುಗಳು ರಾತ್ರಿ ಹಿಡಿತ ಬಿಟ್ಟು ಹರಿವಿನಲ್ಲಿ ತೇಲಿ ಕೆಳಗೆ ಬರುತ್ತವೆ. ನಿತ್ಯ ಹರಿಯುವ ಸಣ್ಣ ಒರತೆಯೊಂದು ಮೇಲೆ ಸೇರಿದ್ದರೆ, ಅಲ್ಲಿಯ ದೊಡ್ಡ ಪರ್ಲಿಡೇ ಒಣಗುವ ಹಳ್ಳದಲ್ಲಿ ಸಿಕ್ಕಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಸಂಗಮದಿಂದ ಕನಿಷ್ಠ 30 ಮೀಟರ್ ಮೇಲೆ ಹೋಗಿ ನೋಡಬೇಕು, ಒರತೆಯನ್ನು ಬೇರೆಯಾಗಿಯೇ ನೋಡಬೇಕು. ದೊಡ್ಡ ಮಳೆ ಬಂದು ಹಳ್ಳ ಕೆಂಪಾಗಿ ಹರಿದಿದ್ದರೂ ಮೂರು ನಾಲ್ಕು ವಾರ ಬಿಡಬೇಕು, ಕಲ್ಲುಗಳೇ ಉರುಳಿದ ಮೇಲೆ ಖಾಲಿ ಹಾಸಿಗೆ ಯಾವ ಮಾತನ್ನೂ ಹೇಳುವುದಿಲ್ಲ.

ಇಲ್ಲಿ ಸಿಕ್ಕ ಒಳ್ಳೆಯ ಸಾಕ್ಷಿ ಪಲುಡೋಮಸ್ ಎಂಬ ಕಪ್ಪು-ಕಂದು ಬಸವನಹುಳು. ಹಾರುವುದಿಲ್ಲ, ಕಿವಿರಿನಿಂದ ಉಸಿರಾಡುತ್ತದೆ, ಪಾಚಿ ಕೆರೆದು ತಿನ್ನುತ್ತದೆ. ಅಕ್ಕಿಕಾಳಿನಷ್ಟರಿಂದ ಬೆರಳಿನ ತುದಿಯಷ್ಟು ದೊಡ್ಡದರವರೆಗೆ ಒಂದೇ ಕಲ್ಲಿನ ಮೇಲಿದ್ದವು. ದೊಡ್ಡದರ ಚಿಪ್ಪಿನ ತುದಿ ಸವೆದು ಬಿಳಿಯಾಗಿತ್ತು. ಆದರೆ ಚಿಪ್ಪು ಮಾತ್ರ ನೋಡಿ ಲೆಕ್ಕ ಹಿಡಿಯಬಾರದು, ಸತ್ತ ಚಿಪ್ಪು ನೆರೆಯಲ್ಲಿ ಎಲ್ಲಿಂದಲೋ ಬಂದಿರುತ್ತದೆ. ಮುಚ್ಚಳ ಅಲುಗಾಡುವ ಜೀವಂತ ಹುಳುವೇ ಆಗಬೇಕು. ಜಲಪಾತದ ಹನಿ ಸಿಡಿಯುವ ಬಂಡೆಗಳ ಕ್ರೆಮ್ನೊಕಾಂಕಸ್ ಬಸವನಹುಳುವನ್ನು ಇದರೊಡನೆ ಬೆರೆಸಬೇಡಿ. ಅದು ಸಮುದ್ರದ ಬಸವನಹುಳುಗಳ ಬಳಗದಿಂದ ಘಟ್ಟ ಹತ್ತಿದ ಅಪರೂಪದ ಜೀವಿ, ಬಂಡೆಯ ಬಿರುಕಿನಲ್ಲಿ ಒಣಗಾಲ ಕಳೆಯುತ್ತದೆ.

ಪರ್ಲಿಡೇ ಸಿಕ್ಕಿತು, ಆದರೆ ದೊಡ್ಡದು ಒಂದೇ, ಉಳಿದವೆಲ್ಲ ಒಂದೇ ಗಾತ್ರದ ಸಣ್ಣವು. ವಾಟರ್ ಪೆನ್ನಿ ಎರಡನೇ ಜಾಗದಲ್ಲಿ ಮಾತ್ರ. ಬಸವನಹುಳು ಹೌದು ಎನ್ನುತ್ತದೆ, ಪೆನ್ನಿ ಇರಬಹುದು ಎನ್ನುತ್ತದೆ, ಸ್ಟೋನ್‌ಫ್ಲೈ ಅನುಮಾನ ಪಡುತ್ತದೆ. ಹೀಗಾದಾಗ ನಿತ್ಯಹರಿವು ಎಂದು ಬರೆಯಬಾರದು, ಟಿಪ್ಪಣಿ ಪುಸ್ತಕದಲ್ಲಿ 'ಗುಂಡಿಗಳಲ್ಲಿ ನೀರು ಉಳಿಯುತ್ತದೆ, ಹರಿವು ಖಚಿತವಿಲ್ಲ' ಎಂದೇ ಬರೆಯಬೇಕು. ಬಸವನಹುಳುವಿಗೆ ಬೇಸಿಗೆ ದಾಟಲು ಗುಂಡಿಯೊಂದು ಸಾಕಾಗಬಹುದು, ಪರ್ಲಿಡೇಗೆ ಹರಿಯುವ ನೀರೇ ಬೇಕು.

ಇಂತಹ ಹಳ್ಳಕ್ಕೆ ಮೇ ತಿಂಗಳವರೆಗೆ ಕಾವಲು ಬೇಕು. ನಾಣ್ಯದಷ್ಟು ದೊಡ್ಡ ತಾಪಮಾನ ಲಾಗರ್ ಒಂದನ್ನು ಗಂಟೆಗೊಮ್ಮೆ ದಾಖಲಿಸುವಂತೆ ಹೊಂದಿಸಿ, ನೀರು ನುಗ್ಗಲು ತೂತು ಕೊರೆದ ಪಿ.ವಿ.ಸಿ. ಪೈಪಿನ ತುಂಡಿನಲ್ಲಿಟ್ಟು, ನೊರೆ ಏಳುವ ಜಾಗದ ತಳದಲ್ಲಿ, ನೆರಳಿರುವ ಕಡೆ, ಸ್ಟೇನ್‌ಲೆಸ್ ತಂತಿಯಿಂದ ಮರದ ಬೇರಿಗೆ ಕಟ್ಟಿದೆವು. ಗುಂಡಿಯಲ್ಲಿಟ್ಟರೆ ಹರಿವು ನಿಂತ ಮೇಲೂ ನೀರಿನಲ್ಲೇ ಇರುತ್ತದೆ, ಉಪಯೋಗವಿಲ್ಲ. ನೀರಿನಲ್ಲಿರುವಷ್ಟು ದಿನ ಹಗಲು ರಾತ್ರಿಯ ವ್ಯತ್ಯಾಸ ಸಣ್ಣದು. ನೀರು ಬಿಟ್ಟ ದಿನದಿಂದ ಗಾಳಿಯ ಬಿಸಿಯ ಏರಿಳಿತವೇ ದಾಖಲಾಗಿ ಗೆರೆ ಒಮ್ಮೆಗೇ ಏರುಪೇರಾಗುತ್ತದೆ, ಯಾವ ವಾರ ಬತ್ತಿತೆಂದು ಅಲ್ಲೇ ಓದಬಹುದು. ಪಕ್ಕದ ಮರದ ಕೊಂಬೆಗೆ ಇನ್ನೊಂದು ಲಾಗರ್ ಕಟ್ಟಿದರೆ ಹೋಲಿಸಲು ಗಾಳಿಯ ಗೆರೆ ಸಿಗುತ್ತದೆ. ಹೊರಡುವ ಮುಂಚೆ ಬಲೆ, ಟ್ರೇ, ಬೂಟುಗಳನ್ನು ಉಜ್ಜಿ ಬಿಸಿಲಿಗೆ ಹಾಕಿದೆವು, ಒಂದು ಹಳ್ಳದ ಮರಿ ಇನ್ನೊಂದರ ಲೆಕ್ಕಕ್ಕೆ ಸೇರದಿರಲೆಂದು. ಮುಂದಿನ ಭೇಟಿ ಮೇ ಮೊದಲ ವಾರ, ಇದೇ ಮೂರು ಜಾಗಕ್ಕೆ.